ಹೂಂಗುಟ್ಟುವ ಕಾರು

ಕಥೆ ಹೇಳುವವನಿಗೆ ಹೂಂಗುಟ್ಟುವವನೊಬ್ಬ ಬೇಕು. ನಮ್ಮ ಮನೆಗಳಲ್ಲಿ ಅಜ್ಜಿಯರು ಕಥೆ ಆರಂಭಿಸುವ ಮೊದಲು ಹಾಕುತ್ತಿದ್ದ ಷರತ್ತೇ ಅದು: ‘ಹೂಂ ಅನ್ನಬೇಕು, ಇಲ್ಲದಿದ್ದರೆ ಹೇಳುವುದಿಲ್ಲ.’ ಹೂಂಕಾರ ನಿಂತಿತೆಂದರೆ ಮಗು ನಿದ್ದೆ ಹೋಯಿತೆಂದು ಅರ್ಥ. ಕಥೆಯೂ ಅಲ್ಲಿಗೇ ನಿಲ್ಲುತ್ತಿತ್ತು. ನಾನು ಈಗ ಹೇಳಹೊರಟಿರುವುದು ಬೇರೊಂದು ಬಗೆಯ ಹೂಂಕಾರದ ಸಂಗತಿ. ಅದನ್ನು ಮಾಡುತ್ತಿದ್ದುದು ಮನುಷ್ಯನಲ್ಲ, ನನ್ನ ಕಾರು. ಅದು ಹೂಂಗುಟ್ಟತೊಡಗಿದ ಮೇಲೆ ಕಾರಿನೊಳಗೆ ಕಥೆ ಹೇಳುವವರೇ ಇಲ್ಲವಾದರು. ಆ ನಷ್ಟ ನನಗೆ ತಿಳಿಯುವುದಕ್ಕೆ ಮೂರು ತಿಂಗಳು ಹಿಡಿಯಿತು. ಏಕೆ ಹಿಡಿಯಿತೆಂಬುದನ್ನು ವಿಚಾರಿಸಹೋಗಿ ನಾನು ಕಂಡುಕೊಂಡ ಒಂದೆರಡು ಸಂಗತಿಗಳನ್ನು ವಾಚಕರ ಮುಂದಿಡಬೇಕೆಂದು ಈ ಬರಹ.

ನಾನಿರುವುದು ತುಂಗೆಯ ದಡದ ಶಿವಮೊಗ್ಗದಲ್ಲಿ. ನಮ್ಮ ತಂದೆಯವರಿರುವುದು ಭದ್ರೆಯ ದಡದ ಭದ್ರಾವತಿಯಲ್ಲಿ, ಹಳೇನಗರದ ತಮ್ಮ ಮನೆಯಲ್ಲಿ. ನದಿಗಳೆರಡೂ ಕೂಡಲಿಯಲ್ಲಿ ಒಂದಾಗುತ್ತವೆ. ಊರುಗಳೆರಡನ್ನೂ ಒಂದುಮಾಡುವುದು ಬೆಂಗಳೂರು–ಹೊನ್ನಾವರ ರಸ್ತೆ, ಎಂದರೆ ಜನರ ಬಾಯಿನ ಬಿ.ಎಚ್. ರೋಡು. ಹಾದಿ ಹದಿನೆಂಟು-ಇಪ್ಪತ್ತು ಕಿಲೋಮೀಟರುಗಳದು. ತಂದೆಯವರಿಗೆ ಎಂಬತ್ತೊಂದು ವರ್ಷ. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ಅವರನ್ನು ಶಿವಮೊಗ್ಗಕ್ಕೆ ಕರೆತಂದು ಸಂಜೆ ಮರಳಿ ಬಿಟ್ಟುಬರುವುದು ನಮ್ಮಲ್ಲಿ ಬಹುಕಾಲದ ರೂಢಿ. ಒಮ್ಮೊಮ್ಮೆ ಗಮಕಕ್ಕೆ ಹೆಸರಾದ ಹೊಸಹಳ್ಳಿಯವರೆಗೂ ಹೋಗಿಬರುವುದುಂಟು. ಮೊಣಕಾಲಿನ ನೋವಿನಿಂದಾಗಿ ಕಾಲು ನೀಡಿಕೊಳ್ಳಲು ಅನುಕೂಲವೆಂದು ಅವರು ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳುವರು. ನನ್ನ ಹೆಂಡತಿ ಮುಂದೆ, ನನ್ನ ಪಕ್ಕದಲ್ಲಿ. ಹಿಂದಿನಿಂದ ಅವರ ಮಾತು ನಡೆಯುತ್ತಲೇ ಇರುತ್ತಿತ್ತು. ಮಾತಿನ ನಡುವೆ ಕುಮಾರವ್ಯಾಸ ನುಸುಳಿದನೆಂದರೆ ಮುಗಿಯಿತು, ಭಾಮಿನಿ ಷಟ್ಪದಿಯ ಓಟದಲ್ಲಿ ಮಾಚೇನಹಳ್ಳಿ, ನಿದಿಗೆಗಳು ಹಿಂದೆ ಸರಿದುದೇ ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಒಂದು ಆಷಾಢದಲ್ಲಿ ಕಾರಿನ ಸೈಲೆನ್ಸರ್ ತೂತುಬಿದ್ದಿತು. ಮಲೆನಾಡಿನ ಮಳೆ ಹೊರಗಿನಿಂದ ತಿಂದಿತೆಂದು ನಾನು ತಿಳಿದಿದ್ದೆ. ಆಮೇಲೆ ತಿಳಿಯಿತು, ಅದಕ್ಕಿಂತ ಹೆಚ್ಚಾಗಿ ತಿಂದದ್ದು ಒಳಗಿನ ನೀರು. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ದೂರದ ಪ್ರಯಾಣದಲ್ಲಿ ಕೊಳವೆ ಚೆನ್ನಾಗಿ ಕಾದು ಆ ಆವಿ ಹೊರಟುಹೋಗುವುದು. ನನ್ನ ಹಾಗೆ ದಿನವೂ ಮನೆಯಿಂದ ಕಾಲೇಜಿಗೆ, ಕಾಲೇಜಿನಿಂದ ಗಾಂಧಿಬಜಾರಿಗೆ ಎರಡೆರಡು ಕಿಲೋಮೀಟರು ಓಡಿಸುವವರ ಕಾರಿನಲ್ಲಿ ಅದು ಸೈಲೆನ್ಸರಿನ ಹೊಟ್ಟೆಯಲ್ಲಿಯೇ ತಣಿದು ನೀರಾಗಿ ನಿಂತು ತುಕ್ಕು ಹಿಡಿಸುತ್ತದೆ.

ಹೊಸದನ್ನು ಹಾಕಿಸಲು ಹೋದೆ. ಕಾರು ತಯಾರಿಸಿದ ಕಂಪೆನಿಯದೇ ಸೈಲೆನ್ಸರಿಗೆ ಬೆಲೆ ಹೆಚ್ಚು, ಬರುವುದೂ ಒಂದು ವಾರ ತಡವಾಗುವುದೆಂದರು. ಬಿಡಿಭಾಗಗಳ ಅಂಗಡಿಯ ಹುಡುಗನೊಬ್ಬ ಕನ್ನಡಿಯಂತೆ ಹೊಳೆಯುವ ಉಕ್ಕಿನ ಕೊಳವೆಯೊಂದನ್ನು ತಂದು ಮುಂದಿಟ್ಟ. ‘ಇದನ್ನು ಹಾಕಿಸಿ ಸಾರ್, ಬೆಲೆಯೂ ಕಡಿಮೆ, ಸೌಂಡೇ ಬೇರೆ ಬರುತ್ತೆ’ ಎಂದ. ಸೈಲೆನ್ಸರ್ ಎಂದರೆ ಸದ್ದಡಗಿಸುವ ಸಾಧನ. ಅದನ್ನು ಸದ್ದಿಗಾಗಿಯೇ ಹೊಗಳಿ ಮಾರುವುದರಲ್ಲಿರುವ ವಿಪರ್ಯಾಸ ಭಾಷೆಯನ್ನು ಪಾಠಹೇಳಿ ಬದುಕುವ ನನಗಾದರೂ ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ. ಬೆಲೆ ಕಡಿಮೆಯೆಂದು ಕೊಂಡೆನೆಂದು ಮನೆಯಲ್ಲಿ ಹೇಳಿದೆ. ನಿಜ ಹೇಳಬೇಕಾದರೆ ಆ ಗಂಭೀರವಾದ ಗುಡುಗು ನನಗೆ ಮೆಚ್ಚಿಕೆಯಾಗಿತ್ತು. ಐವತ್ತೆರಡನೆಯ ವಯಸ್ಸಿನಲ್ಲಿ ಮನುಷ್ಯನಿಗೆ ಇಂತಹ ಚಪಲಗಳು ಬರುವುದುಂಟು.

ಊರೊಳಗಿನ ಓಡಾಟದಲ್ಲಿ ಏನೂ ತೊಂದರೆಯಿರಲಿಲ್ಲ. ಭದ್ರಾವತಿಯ ರಸ್ತೆಗೆ ಬಂದು ಐದನೆಯ ಗೇರಿನಲ್ಲಿ ಗಂಟೆಗೆ ಎಪ್ಪತ್ತು-ಎಪ್ಪತ್ತೈದು ಕಿಲೋಮೀಟರಿನ ಆಸುಪಾಸಿಗೆ ಮುಟ್ಟಿದಾಗ ಮಾತ್ರ ಕಾರಿನೊಳಗೆ ಒಂದು ಮೊರೆತ ಎದ್ದುನಿಲ್ಲುತ್ತಿತ್ತು. ಕಿವಿಗೆ ಕೇಳುವುದಕ್ಕಿಂತ ಹೆಚ್ಚಾಗಿ ಎದೆಗೆ ತಾಗುವ, ಏರಿಳಿತವಿಲ್ಲದ ‘ಹೂಂ...’ ಎಂಬ ನಾದ. ವೇಗ ಸ್ವಲ್ಪ ಹೆಚ್ಚಿದರೆ ಇಲ್ಲ, ತಗ್ಗಿದರೆ ಇಲ್ಲ. ಆದರೆ ಆ ರಸ್ತೆಯಲ್ಲಿ ಸಹಜವಾಗಿ ಓಡುವ ವೇಗವೇ ಅದು. ‘ಸದ್ದು ಸ್ವಲ್ಪ ಜಾಸ್ತಿಯಾಯಿತೇನೋ ರೀ’ ಎಂದು ಹೆಂಡತಿ ಒಂದೆರಡು ಸಲ ಹೇಳಿದಳು. ‘ಹೊಸದಲ್ಲವೆ, ಸರಿಹೋಗುತ್ತದೆ’ ಎಂದೆ. ನನಗೆ ಅದು ಅಂತಹ ದೊಡ್ಡ ಸದ್ದೆಂದು ನಿಜವಾಗಿಯೂ ತೋರಿರಲಿಲ್ಲ.

ಇದೇ ಕಾಲದಲ್ಲಿ ತಂದೆಯವರು ಮಾತು ಕಡಮೆ ಮಾಡಿದರು. ಮನೆಯಲ್ಲಿ ಎಂದಿನಂತಿದ್ದವರು ಕಾರಿನಲ್ಲಿ ಕುಳಿತೊಡನೆ ಕಿಟಕಿಯ ಕಡೆ ಮುಖ ತಿರುಗಿಸುವರು. ನಾನು ಏನಾದರೂ ಕೇಳಿದರೆ ‘ಹೂಂ’ ಎನ್ನುವರು. ಇನ್ನೊಂದು ಕೇಳಿದರೆ ಮತ್ತೆ ‘ಹೂಂ’. ಕುಮಾರವ್ಯಾಸ ಬರಲೇ ಇಲ್ಲ. ವಯಸ್ಸು, ಆಯಾಸ, ತಾಯಿಯವರು ತೀರಿಕೊಂಡ ಮೇಲಿನ ಒಂಟಿತನ ಎಂದೆಲ್ಲ ನಾನೂ ನನ್ನ ಹೆಂಡತಿಯೂ ಕಾರಣಗಳನ್ನು ಕಟ್ಟಿಕೊಂಡೆವು. ವೈದ್ಯರಿಗೆ ತೋರಿಸುವ ಯೋಚನೆಯೂ ಬಂದಿತ್ತು.

ಒಂದು ಭಾನುವಾರ ನನ್ನ ಬಲಗೈ ಉಳುಕಿತ್ತು. ಹೆಂಡತಿ ಕಾರು ನಡೆಸಿದಳು. ನಾನು ತಂದೆಯವರ ಪಕ್ಕದಲ್ಲಿ, ಹಿಂದಿನ ಸೀಟಿನಲ್ಲಿ ಕುಳಿತೆ. ಕಾರು ಹಾಕಿಸಿಕೊಂಡು ಆರು ವರ್ಷವಾಗಿದ್ದರೂ ಆ ಸೀಟಿನಲ್ಲಿ ನಾನು ಕುಳಿತು ಪ್ರಯಾಣಮಾಡಿದ್ದು ಅಂದೇ ಮೊದಲು. ಭದ್ರಾವತಿ ದಾಟಿ ವೇಗ ಎಪ್ಪತ್ತಕ್ಕೆ ಬಂದಿತು. ಎರಡು ಅಂಗೈಗಳಿಂದ ಯಾರೋ ನನ್ನ ಕಿವಿಗಳನ್ನು ಒತ್ತಿ ಹಿಡಿದಂತಾಯಿತು. ಹೊಳೆಯಲ್ಲಿ ಮುಳುಗಿದಾಗ ಮೇಲಿನ ಮಾತು ಕೇಳುವಂತೆ ಮುಂದಿನ ಸೀಟಿನಿಂದ ಹೆಂಡತಿಯ ಮಾತು ಕೇಳುತ್ತಿತ್ತು, ದನಿಯಿತ್ತು, ಶಬ್ದಗಳಿರಲಿಲ್ಲ. ನಾನು ಮುಂದೆ ಕುಳಿತು ಕೇಳುತ್ತಿದ್ದ ಸದ್ದು ಇದಾಗಿರಲಿಲ್ಲ. ತಂದೆಯವರ ಕಡೆ ಬಾಗಿ ‘ಊಟಕ್ಕೆ ಏನು ಮಾಡಿಸಲಿ?’ ಎಂದು ಕೇಳಿದೆ. ‘ಹೂಂ’ ಎಂದರು.

ರಸ್ತೆಬದಿಯಲ್ಲಿ ಎಳನೀರಿಗೆಂದು ನಿಲ್ಲಿಸಿದಾಗ ಕೇಳಿದೆ: ‘ಅಪ್ಪಾ, ಆಗ ನಾನು ಕೇಳಿದ್ದೇನು?’

‘ಯಾರಿಗೆ ಗೊತ್ತೋ? ನಿನ್ನ ಕಾರು ಹೂಂ ಅಂತಿತ್ತು. ನಾನೂ ಹೂಂ ಅಂದೆ.’

‘ಮೂರು ತಿಂಗಳಿಂದ ಹೀಗೆಯೇ? ಒಂದು ಮಾತು ಹೇಳಬಾರದಿತ್ತೆ?’

ಅವರು ಎಳನೀರನ್ನು ಪೂರ್ತಿ ಕುಡಿದು ಬುರುಡೆಯನ್ನು ಕೆಳಗಿಟ್ಟರು. ‘ಹೊಸ ಸಾಮಾನು ಹಾಕಿಸಿ ಖುಷಿಯಾಗಿದ್ದೆಯಲ್ಲ’ ಎಂದರು.

ಅಂದಿನಿಂದ ಆ ಹೂಂಕಾರದ ಮೂಲವನ್ನು ಹುಡುಕುವುದು ನನಗೊಂದು ವ್ರತವಾಯಿತು. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಭೌತಶಾಸ್ತ್ರದ ಅಧ್ಯಾಪಕರಾಗಿರುವ ಮಿತ್ರರೊಬ್ಬರು ಸಹಾಯಕ್ಕೆ ಬಂದರು. ಅವರು ಬಿಡಿಸಿಹೇಳಿದುದನ್ನು ನನಗೆ ತಿಳಿದಷ್ಟು ಇಲ್ಲಿ ಹೇಳುತ್ತೇನೆ.

ನನ್ನದು ನಾಲ್ಕು ಸಿಲಿಂಡರಿನ ಎಂಜಿನು. ಅದರ ದಂಡ ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಸಿಲಿಂಡರುಗಳು ಉರಿಯುತ್ತವೆ. ಆ ವೇಗದಲ್ಲಿ ಎಂಜಿನು ನಿಮಿಷಕ್ಕೆ ಸುಮಾರು ೨,೪೦೦ ಸುತ್ತು, ಎಂದರೆ ಸೆಕೆಂಡಿಗೆ ೪೦ ಸುತ್ತು ತಿರುಗುತ್ತಿರುತ್ತದೆ. ಆದುದರಿಂದ ಕೊಳವೆಯೊಳಕ್ಕೆ ಸೆಕೆಂಡಿಗೆ ೮೦ ಸಲ ಬಿಸಿ ಅನಿಲದ ಉಸಿರು ಗುದ್ದಿಕೊಂಡು ಬರುತ್ತದೆ. ಸೆಕೆಂಡಿಗೆ ೮೦ ಕಂಪನವೆಂದರೆ ಬಹಳ ತಗ್ಗಿನ ಸ್ಥಾಯಿಯ ನಾದ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು ೩೫೦ ಮೀಟರ್ ಹೋಗುತ್ತದೆ. ೮೦ರಿಂದ ಭಾಗಿಸಿದರೆ ಒಂದು ಅಲೆಯ ಉದ್ದ ೪.೪ ಮೀಟರ್, ಅರ್ಧ ಅಲೆಯ ಉದ್ದ ೨.೨ ಮೀಟರ್. ಮುಂದಿನ ಗಾಜಿನಿಂದ ಹಿಂದಿನ ಗಾಜಿನವರೆಗೆ ನನ್ನ ಕಾರಿನ ಒಳಭಾಗವನ್ನು ಟೇಪು ಹಿಡಿದು ಅಳೆದೆವು. ಅದೂ ಹೆಚ್ಚುಕಡಿಮೆ ಅಷ್ಟೇ!

ಉಯ್ಯಾಲೆಯನ್ನು ಅದರ ಲಯವನ್ನು ನೋಡಿಕೊಂಡು ತಳ್ಳಿದರೆ ಮಗುವಿನ ಕೈಯೂ ಅದನ್ನು ಎತ್ತರಕ್ಕೆ ತೂಗಬಲ್ಲದು. ಬಚ್ಚಲುಮನೆಯಲ್ಲಿ ಒಂದು ಸ್ವರ ಮಾತ್ರ ಗೋಡೆಗಳೆಲ್ಲ ಹಾಡಿದಂತೆ ಮೊಳಗುವುದೂ ಇದೇ ಕಾರಣದಿಂದ. ಪ್ರತಿಯೊಂದು ಕೋಣೆಗೂ ತನ್ನದೆಂಬ ಸ್ವರವೊಂದಿರುತ್ತದೆ. ನನ್ನ ಕಾರೆಂಬ ಪುಟ್ಟ ಕೋಣೆಯ ಸ್ವರವೂ ಆ ವೇಗದ ಎಂಜಿನಿನ ಸ್ವರವೂ ಒಂದೇ ಆಗಿದ್ದವು. ಹೀಗೆ ನಿಂತ ಅರ್ಧ ಅಲೆಯ ಒತ್ತಡ ಎಲ್ಲೆಡೆಯೂ ಒಂದೇ ಸಮನಾಗಿರುವುದಿಲ್ಲ. ಕೋಣೆಯ ಎರಡು ತುದಿಗಳಲ್ಲಿ ಅದು ಅತ್ಯಧಿಕ, ನಡುವೆ ಅತ್ಯಲ್ಪ. ಸಣ್ಣ ಕಾರಿನಲ್ಲಿ ಚಾಲಕನ ತಲೆ ಇರುವುದು ಸರಿಸುಮಾರು ನಡುವಿನಲ್ಲಿ; ಹಿಂದೆ ಕುಳಿತವರ ತಲೆ ಇರುವುದು ಹಿಂದಿನ ಗಾಜಿನ ಪಕ್ಕದಲ್ಲಿ.

ಈ ಮಾತನ್ನು ಮಿತ್ರರು ಕಾಗದದ ಮೇಲೆ ಬಿಲ್ಲಿನಂತಹ ಗೆರೆಯೆಳೆದು ತೋರಿಸಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಸದ್ದನ್ನು ಕೊಂಡುತಂದವನು ನಾನು. ಅದು ಅತ್ಯಂತ ಕಡಮೆಯಾಗಿ ಕೇಳುವ ಜಾಗದಲ್ಲಿ ಕುಳಿತವನೂ ನಾನು. ಅದನ್ನು ಪೂರ್ತಿಯಾಗಿ ಅನುಭವಿಸುತ್ತಿದ್ದವರು ಏನನ್ನೂ ಹೇಳದೆ ಹಿಂದೆ ಕುಳಿತಿದ್ದರು.

ಅವರಿಗೆ ಇನ್ನೊಂದು ತೊಡಕೂ ಇತ್ತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ಥಾಯಿಯ ಸದ್ದುಗಳನ್ನು. ಮಾತಿನಲ್ಲಿ ಸ್ವರಗಳು ತಗ್ಗಿನ ಸ್ಥಾಯಿಯಲ್ಲಿ ಬಲವಾಗಿರುತ್ತವೆ. ಸಕಾರ ಶಕಾರಗಳು, ತಕಾರ ಕಕಾರಗಳು ಮೇಲಿನ ಸ್ಥಾಯಿಯ ಕ್ಷೀಣವಾದ ಸದ್ದುಗಳು. ಆದ್ದರಿಂದಲೇ ಮುದುಕರು ‘ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ’ ಎನ್ನುವುದು. ಅದರ ಮೇಲೆ, ಬಲವಾದ ತಗ್ಗಿನ ನಾದವೊಂದು ತನಗಿಂತ ಮೇಲಿನ ಸದ್ದುಗಳನ್ನು ಮುಚ್ಚಿಹಾಕುವುದು ಕಿವಿಯ ಸ್ವಭಾವ. ಉಳಿದಿದ್ದ ಅಷ್ಟಿಷ್ಟು ವ್ಯಂಜನಗಳನ್ನೂ ನನ್ನ ಹೊಳೆಯುವ ಕೊಳವೆ ನುಂಗಿಹಾಕಿತ್ತು. ಒಂದು ಜೀವಮಾನವೆಲ್ಲ ಹುಡುಗರಿಗೆ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಿದವರಿಗೆ ನಾನು ಕೊಟ್ಟದ್ದು ವ್ಯಂಜನಗಳಿಲ್ಲದ ಪ್ರಯಾಣ.

ಇದನ್ನೆಲ್ಲ ತಂದೆಯವರಿಗೆ ವಿವರಿಸಿದಾಗ ಅವರು ಒಂದು ಪ್ರಶ್ನೆ ಕೇಳಿದರು: ‘ತಂಬೂರಿಯೂ ಗುಂಯ್ ಅನ್ನುತ್ತದೆ. ಅದರ ಜೊತೆಯಲ್ಲಿ ಹಾಡುತ್ತಾರೆ. ನಿನ್ನ ಕಾರಿನ ಜೊತೆಯಲ್ಲಿ ಮಾತಾಡುವುದಕ್ಕೂ ಆಗುವುದಿಲ್ಲವಲ್ಲ, ಏಕೆ?’ ಅದಕ್ಕೂ ಮಿತ್ರರಲ್ಲಿ ಉತ್ತರವಿತ್ತು. ತಂಬೂರಿಯ ತಂತಿ ಬಾಗುಮೈಯುಳ್ಳ ಕುದುರೆಯ ಮೇಲೆ ಹಾಯುತ್ತದೆ. ತಂತಿಗೂ ಕುದುರೆಗೂ ನಡುವೆ ಎಳೆಯೊಂದನ್ನು ಸಿಕ್ಕಿಸಿ ಜೀವಾಳ ಕೂಡಿಸುತ್ತಾರೆ. ಆಗ ಮೂಲನಾದದೊಡನೆ ಅದರ ಮೇಲಿನ ಅನೇಕ ಉಪನಾದಗಳೂ ಅರಳುತ್ತವೆ. ಸರ್ ಸಿ.ವಿ. ರಾಮನ್ನರು ತಂಬೂರಿ ವೀಣೆಗಳ ಈ ವಿಶೇಷವನ್ನು ೧೯೨೧ರಷ್ಟು ಹಿಂದೆಯೇ ಪ್ರಬಂಧವೊಂದರಲ್ಲಿ ಪರಿಶೀಲಿಸಿದ್ದರು. ಆ ಉಪನಾದಗಳ ನಡುವೆ ಹಾಡುವವನಿಗೆ ನಿಲ್ಲಲು ಜಾಗ ಸಿಗುತ್ತದೆ. ಕಾರಿನದಾದರೋ ಬರಿಯ ತಳದ ನಾದ. ಮೇಲೆ ಅರಳುವುದೇನೂ ಇಲ್ಲ. ತಂದೆಯವರು ಇದನ್ನು ಒಪ್ಪಿಕೊಂಡು ತಮ್ಮದೊಂದು ಮಾತು ಸೇರಿಸಿದರು: ‘ಹಾಡುವವನಿಗೆ ತಕ್ಕಂತೆ ತಂಬೂರಿಯನ್ನು ಶ್ರುತಿಮಾಡುತ್ತಾರೆ. ಇಲ್ಲಿ ಕಾರಿಗೆ ತಕ್ಕಂತೆ ನಾವು ಸುಮ್ಮನಾಗಬೇಕು.’

ಕಾರಣ ತಿಳಿದ ಮಾತ್ರಕ್ಕೆ ಪರಿಹಾರ ಸಿಗುವುದಿಲ್ಲ. ಮೊದಲು ಮಾಡಿದ್ದು ಸುಲಭವಾದ ಕೆಲಸ. ಡಿಕ್ಕಿಯ ತಳಕ್ಕೂ ಬಾಗಿಲುಗಳಿಗೂ ಸದ್ದು ತಡೆಯುವ ರಬ್ಬರ್ ಹಾಳೆ, ಅದರ ಮೇಲೆ ಸ್ಪಂಜು ಅಂಟಿಸಿದೆ. ತಗಡಿನ ಕಟಕಟ ನಿಂತಿತು, ರಸ್ತೆಯ ಸರಸರ ಕಡಮೆಯಾಯಿತು. ಅವೆಲ್ಲ ಹೋದ ಮೇಲೆ ಹೂಂಕಾರ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು! ೪.೪ ಮೀಟರಿನ ಅಲೆಯನ್ನು ಸ್ಪಂಜಿನಿಂದ ಚೆನ್ನಾಗಿ ಹೀರಬೇಕಾದರೆ ಅದರ ನಾಲ್ಕರಲ್ಲೊಂದು ಪಾಲಿನಷ್ಟು, ಎಂದರೆ ೧.೧ ಮೀಟರಿನಷ್ಟು ದಪ್ಪ ಬೇಕಂತೆ. ಅಷ್ಟು ಹೊದಿಸಿದರೆ ಕಾರಿನಲ್ಲಿ ಕೂರುವುದಕ್ಕೆ ಜಾಗವೇ ಉಳಿಯುವುದಿಲ್ಲ. ಆಮೇಲೆ ನಾಲ್ಕನೆಯ ಗೇರಿನಲ್ಲಿ ಓಡಿಸಿ ನೋಡಿದೆ. ಎಂಜಿನಿನ ಸುತ್ತು ಹೆಚ್ಚಿ ಸ್ವರ ಬದಲಾಗಿ ಮೊರೆತ ತಪ್ಪಿತು. ಪೆಟ್ರೋಲು ಹೆಚ್ಚು ಕುಡಿಯಿತು, ಬೇರೆ ಗದ್ದಲ ಎದ್ದಿತು. ರೇಡಿಯೋ ಹಾಕಿ ಮರೆಸೋಣವೆಂದರೆ ಅದು ಒಂದು ಗದ್ದಲದ ಮೇಲೆ ಇನ್ನೊಂದನ್ನು ಹೇರಿದಂತಾಯಿತು.

ಕೊನೆಗೆ ಸಾಗರ ರಸ್ತೆಯ ಕಡೆಯ ಆಟೋ ಕಾಂಪ್ಲೆಕ್ಸಿನಲ್ಲಿ ಸೈಲೆನ್ಸರ್ ವೆಲ್ಡಿಂಗ್ ಮಾಡುವ ವೃದ್ಧರೊಬ್ಬರ ಬಳಿಗೆ ಹೋದೆ. ಹುಡುಗರೆಲ್ಲ ಅವರನ್ನು ‘ಉಸ್ತಾದ್’ ಎನ್ನುವರು. ಅವರು ಮೊದಲು ಕಾರಿನಡಿಗೆ ನುಗ್ಗಿ ಕೊಳವೆಯನ್ನು ಕೈಯಿಂದ ಅಲುಗಿಸಿದರು. ಕೊಳವೆಯನ್ನು ತೂಗಿಹಾಕುವ ರಬ್ಬರ್ ಬಳೆಗಳಲ್ಲಿ ಒಂದು ಕಲ್ಲಿನಂತಾಗಿತ್ತು. ಅದರ ಮೂಲಕ ಕೊಳವೆಯ ನಡುಕ ನೇರವಾಗಿ ಕಾರಿನ ಮೈಗೆ ಹೋಗುತ್ತಿತ್ತು. ಬದಲಾಯಿಸಿದರು. ಒಂದು ಕೀಲಿನಲ್ಲಿ ಕಪ್ಪು ಮಸಿ ಕಂಡಿತು. ಅದನ್ನು ಬೆಸೆದು ಹೇಳಿದರು: ‘ಇದನ್ನು ಸಣ್ಣದೆಂದು ಬಿಡಬಾರದು ಸಾರ್. ಸದ್ದಾದರೆ ಕೇಳಿಸುತ್ತದೆ, ಈ ಹೊಗೆಯಲ್ಲಿರುವ ವಿಷಕ್ಕೆ ವಾಸನೆಯೂ ಇಲ್ಲ. ಗಾಜು ಮುಚ್ಚಿಕೊಂಡು ಹೋಗುವಾಗ ಹಿಂದಿನವರು ಸುಮ್ಮನೆ ತೂಕಡಿಸುತ್ತಾರೆ.’ ಅವರು ಹೇಳಿದ್ದು ಕಾರ್ಬನ್ ಮೊನಾಕ್ಸೈಡಿನ ವಿಷಯ. ಅಲ್ಲಿಯೂ ಮತ್ತೆ ಹಿಂದಿನ ಸೀಟಿನವರೇ!

ಬಳಿಕ ಅವರು ನನ್ನ ಹಳೆಯ, ತುಕ್ಕುಹಿಡಿದ ಸೈಲೆನ್ಸರೊಂದರ ಹೊಟ್ಟೆಯನ್ನು ಸೀಳಿ ತೋರಿಸಿದರು. ಒಳಗೆ ಮೂರು ಕೋಣೆಗಳು. ಒಂದರಿಂದ ಇನ್ನೊಂದಕ್ಕೆ ಬೇರೆಬೇರೆ ಉದ್ದದ ಕೊಳವೆಗಳು. ಅಲೆ ಒಂದು ಗೋಡೆಗೆ ತಾಗಿ ಮರಳಿ, ಹಿಂದಿನಿಂದ ಬರುವ ಅಲೆಗೆ ಎದುರಾಗಿ ಅದನ್ನು ಕೊಲ್ಲುವಂತೆ ಲೆಕ್ಕಹಾಕಿ ಕಟ್ಟಿದ ಮನೆ ಅದು. ನಾನು ಕೊಂಡಿದ್ದರಲ್ಲಿ ಇದ್ದುದು ನೆಟ್ಟನೆಯ ರಂಧ್ರಗಳ ಕೊಳವೆ, ಸುತ್ತಲೂ ಗಾಜಿನ ಉಣ್ಣೆ. ಚೂಪಾದ ಸದ್ದುಗಳು ಆ ಉಣ್ಣೆಯ ಎಳೆಗಳಲ್ಲಿ ಸಿಕ್ಕಿ ಅಡಗುತ್ತವೆ. ತಗ್ಗಿನ ಉದ್ದನೆಯ ಅಲೆ ಜರಡಿಯಲ್ಲಿ ಹುಯ್ದ ನೀರಿನಂತೆ ಹಾಯ್ದುಹೋಗುತ್ತದೆ. ‘ಗಂಭೀರವಾದ’ ದನಿ ಬಂದದ್ದು ಈ ಕಾರಣದಿಂದ. ಗಾಂಭೀರ್ಯವೇನೂ ಹೊಸದಾಗಿ ಸೇರಿರಲಿಲ್ಲ, ಉಳಿದದ್ದೆಲ್ಲ ಹೋಗಿ ಅದೊಂದೇ ಉಳಿದಿತ್ತು.

ಕೊಳವೆಯ ಪಕ್ಕಕ್ಕೆ ಇನ್ನೊಂದು ಕುರುಡು ಕೊಳವೆ ಬೆಸೆದರೆ ಒಂದು ಸ್ವರವನ್ನು ಕೊಲ್ಲಬಹುದೆಂದು ಮಿತ್ರರು ಹೇಳಿದ್ದರು. ಅದರ ಉದ್ದ ಅಲೆಯ ನಾಲ್ಕನೆಯ ಒಂದು ಪಾಲಿರಬೇಕು. ಅಲೆ ಅದರೊಳಕ್ಕೆ ಹೋಗಿ ಮುಚ್ಚಿದ ತುದಿಗೆ ತಾಗಿ ಮರಳುವಷ್ಟರಲ್ಲಿ ಅರ್ಧ ಅಲೆಯಷ್ಟು ತಡವಾಗಿರುತ್ತದೆ. ಉಯ್ಯಾಲೆ ಹಿಂದಕ್ಕೆ ಬರುವಾಗಲೇ ಎದುರಿನಿಂದ ತಳ್ಳಿದಂತೆ, ಮೂಲದ ಅಲೆ ಅಲ್ಲಿಯೇ ಕುಗ್ಗುತ್ತದೆ. ನಾನು ನನ್ನ ಲೆಕ್ಕದಂತೆ ೧.೧ ಮೀಟರ್ ಎಂದು ಚೀಟಿ ಬರೆದುಕೊಂಡು ಹೋಗಿದ್ದೆ. ಉಸ್ತಾದರು ಚೀಟಿ ನೋಡಿ ನಕ್ಕರು. ‘ಇದು ತಣ್ಣಗಿನ ಗಾಳಿಯ ಲೆಕ್ಕ ಸಾರ್. ಕೊಳವೆಯೊಳಗೆ ಬೆಂಕಿಯಲ್ಲವೆ?’ ಎಂದರು.

ಅವರ ಮಾತೇ ನಿಜ. ಬಿಸಿ ಹೆಚ್ಚಿದಷ್ಟೂ ಶಬ್ದದ ವೇಗ ಹೆಚ್ಚು. ೩೦೦ ಡಿಗ್ರಿ ಸೆಲ್ಸಿಯಸ್ಸಿನ ಅನಿಲದಲ್ಲಿ ಅದು ಸೆಕೆಂಡಿಗೆ ಸುಮಾರು ೪೮೦ ಮೀಟರ್. ಆಗ ೮೦ ಕಂಪನದ ಅಲೆಯ ಉದ್ದ ೬ ಮೀಟರ್, ಅದರ ಕಾಲುಭಾಗ ೧.೫ ಮೀಟರ್. ಆದರೆ ಕುರುಡು ಕೊಳವೆಯಲ್ಲಿ ಅನಿಲ ಹರಿಯದೆ ನಿಂತಿರುವುದರಿಂದ ಅಲ್ಲಿ ಬಿಸಿ ಸ್ವಲ್ಪ ಕಡಮೆ. ಉಸ್ತಾದರು ಹಿಂದೆಮುಂದೆ ಜಾರುವ ಮುಚ್ಚಳವೊಂದನ್ನು ಮಾಡಿ, ನಾಲ್ಕು ಸಲ ರಸ್ತೆಗೆ ಹೋಗಿಬಂದು, ಕೊನೆಗೆ ೧.೪ ಮೀಟರಿಗೆ ನಿಲ್ಲಿಸಿ ಬೆಸೆದರು. ಕಾರಿನಡಿಯಲ್ಲಿ ಜಾಗವಿಲ್ಲದ್ದರಿಂದ ಅದನ್ನು ಕೊಕ್ಕೆಯಂತೆ ಬಗ್ಗಿಸಬೇಕಾಯಿತು. ನಾಲ್ಕು ಸಲವೂ ನಾನು ಕುಳಿತದ್ದು ಹಿಂದಿನ ಸೀಟಿನಲ್ಲಿ. ನಾಲ್ಕನೆಯ ಸಲ ವೇಗ ಎಪ್ಪತ್ತಕ್ಕೆ ಮುಟ್ಟಿತು, ಎಪ್ಪತ್ತೈದಕ್ಕೆ ಮುಟ್ಟಿತು, ಹೂಂಕಾರ ಏಳಲಿಲ್ಲ. ಕಿವಿಯ ಮೇಲಿದ್ದ ಅಂಗೈಗಳನ್ನು ತೆಗೆದಂತಾಯಿತು.

ಕಥೆ ಇಲ್ಲಿಗೆ ಮುಗಿಯಬಹುದಾಗಿತ್ತು. ಮುಂದಿನ ಭಾನುವಾರ ತಂದೆಯವರನ್ನು ಕೂರಿಸಿಕೊಂಡು ಹೊರಟಾಗ ನನ್ನ ಜಯವನ್ನು ಅವರು ಹೊಗಳುವರೆಂದು ಕಾದಿದ್ದೆ. ಅವರು ಮನೆಯ ಮುಂದೆ ಕಾರು ಚಾಲುಮಾಡಿದಾಗಲೇ ಒಮ್ಮೆ ಹಿಂದಿರುಗಿ ನೋಡಿದರು. ದಾರಿಯಲ್ಲಿ ಹೇಳಿದರು: ‘ಒಳಗೇನೋ ಸರಿಹೋಯಿತು. ಹೊರಗೆ?’

ಹೊರಗೆ ಏನೂ ಬದಲಾಗಿರಲಿಲ್ಲ. ಕುರುಡು ಕೊಳವೆ ಕೊಂದದ್ದು ಒಂದು ಸ್ವರವನ್ನು ಮಾತ್ರ. ಚಾಲುಮಾಡುವಾಗಿನ ಗುಡುಗು, ಗೇರು ಬದಲಿಸುವಾಗಿನ ಅಬ್ಬರ ಎಲ್ಲವೂ ಮೊದಲಿನಂತೆಯೇ ಇದ್ದವು. ತಂದೆಯವರು ಮುಂದುವರಿಸಿದರು: ‘ನಮ್ಮೂರಿನಲ್ಲಿ ಸದ್ದು ಹೊಸದೇನಲ್ಲ ಕಣೋ. ಒಂದು ಕಾರ್ಖಾನೆಯಿಂದ ಕಬ್ಬಿಣ ಬರುತ್ತಿತ್ತು, ಇನ್ನೊಂದರಿಂದ ಕಾಗದ. ಆ ಕಾಗದದ ಮೇಲೆ ನಾನು ಮಕ್ಕಳಿಗೆ ಬರೆಸಿದ್ದೇನೆ. ಇದರಿಂದ ಏನು ಬರುತ್ತದೆ?’ ೧೯೨೩ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೂ ೧೯೩೬ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯೂ ಭದ್ರಾವತಿಗೆ ಅನ್ನವನ್ನೂ ಹೆಸರನ್ನೂ ಕೊಟ್ಟವು. ಕಾಗದದ ಯಂತ್ರಗಳು ಸ್ತಬ್ಧವಾಗಿ ವರ್ಷಗಳೇ ಆದವು; ೨೦೨೩ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಪ್ರಕಟವಾದಾಗ ಊರಿಗೆ ಊರೇ ಮರುಗಿತು. ಸದ್ದು ನಿಂತುಹೋಗುವುದರ ದುಃಖವನ್ನೂ ಬಲ್ಲ ಊರಿನವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕಾನೂನಿನಲ್ಲಿ ಉತ್ತರವಿತ್ತು. ತಯಾರಕರು ಕೊಟ್ಟ ಸ್ವರೂಪವನ್ನು ಮನಬಂದಂತೆ ಮಾರ್ಪಡಿಸುವುದನ್ನು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣ ತಡೆಯುತ್ತದೆ. ಶಬ್ದದ ಮಿತಿಯನ್ನು ಮೀರುವ ವಾಹನ ನಡೆಸಿದವರಿಗೆ ಅದೇ ಕಾಯಿದೆಯ ೧೯೦ನೆಯ ಪ್ರಕರಣದಲ್ಲಿ, ೨೦೧೯ರ ತಿದ್ದುಪಡಿಯ ಬಳಿಕ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ೧೦,೦೦೦ ರೂಪಾಯಿವರೆಗೆ ದಂಡ ಅಥವಾ ಎರಡೂ. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು ೫೫ ಡೆಸಿಬೆಲ್, ರಾತ್ರಿ ೪೫ ಡೆಸಿಬೆಲ್ ಮಿತಿ. ಬೈಕುಗಳಿಂದ ಬಿಚ್ಚಿಸಿದ ಇಂತಹ ಕೊಳವೆಗಳನ್ನು ನಮ್ಮ ರಾಜ್ಯದ ಪೊಲೀಸರು ರಸ್ತೆಯ ಮೇಲೆ ಸಾಲಾಗಿ ಜೋಡಿಸಿ ರೋಡ್ ರೋಲರ್ ಹರಿಸಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿ ‘ಒಳ್ಳೆಯದಾಯಿತು, ಈ ಹುಡುಗರಿಗೆ ಬುದ್ಧಿ ಬರಲಿ’ ಎಂದವನು ನಾನು. ನನ್ನ ಕಾರಿನ ಅಡಿಯಲ್ಲಿದ್ದುದೂ ಅದೇ ಜಾತಿಯ ವಸ್ತುವೆಂದು ಆಗ ಅನ್ನಿಸಿರಲಿಲ್ಲ. ಊರಿಗೂ ನನಗೂ ನಡುವೆ ಮುಚ್ಚಿದ ಗಾಜು ಇತ್ತು. ನಾನು ಎಂದಿನಂತೆ ಅಲೆಯ ನಡುವೆ, ಸದ್ದಿಲ್ಲದ ಜಾಗದಲ್ಲಿ ಕುಳಿತಿದ್ದೆ.

ಯಂತ್ರದ ಸದ್ದನ್ನು ಅಡಗಿಸುವ ಚರಿತ್ರೆಯಲ್ಲಿ ಒಂದು ತಂದೆ-ಮಗನ ಕಥೆಯಿದೆ. ಹಿರಮ್ ಮ್ಯಾಕ್ಸಿಮ್ ೧೮೮೪ರ ಸುಮಾರಿಗೆ ತಾನಾಗಿ ಗುಂಡು ತುಂಬಿಕೊಂಡು ಹಾರಿಸುವ ಮೆಷಿನ್ ಗನ್ನನ್ನು ಕಂಡುಹಿಡಿದ. ಮುಪ್ಪಿನಲ್ಲಿ ಅವನಿಗೆ ಕಿವಿ ಕೇಳಿಸದಾಯಿತು. ಅವನ ಮಗ ಹಿರಮ್ ಪರ್ಸಿ ಮ್ಯಾಕ್ಸಿಮ್ ೧೯೦೯ರಲ್ಲಿ ಬಂದೂಕಿನ ಸದ್ದಡಗಿಸುವ ಸಾಧನಕ್ಕೆ ಹಕ್ಕುಪತ್ರ ಪಡೆದ. ಅವನ ಕಂಪೆನಿ ಮುಂದೆ ಎಂಜಿನುಗಳ ಸೈಲೆನ್ಸರುಗಳನ್ನೂ ತಯಾರಿಸಿತು. ತಂದೆ ಎಬ್ಬಿಸಿದ ಸದ್ದನ್ನು ಮಗ ಅಡಗಿಸಲೆತ್ನಿಸಿದ. ನಮ್ಮ ಮನೆಯಲ್ಲಿ ಆದದ್ದು ತಿರುಗುಮುರುಗು.

ಮರುವಾರವೇ ಕಂಪೆನಿಯ ಸೈಲೆನ್ಸರಿಗೆ ಹಣ ಕಟ್ಟಿದೆ. ಹಾಳೆ, ಸ್ಪಂಜು, ರಬ್ಬರ್ ಬಳೆ, ಕುರುಡು ಕೊಳವೆ ಎಲ್ಲ ಸೇರಿಸಿದರೆ ಮ��ದಲೇ ಅದನ್ನು ಕೊಂಡಿದ್ದಕ್ಕಿಂತ ಎರಡರಷ್ಟು ಖರ್ಚಾಗಿತ್ತು. ಹಾಕಿಕೊಟ್ಟವರು ಉಸ್ತಾದರೇ. ತಾವು ಅಷ್ಟು ಜಾಣ್ಮೆಯಿಂದ ಬೆಸೆದ ಕೊಕ್ಕೆಕೊಳವೆಯನ್ನು ತಾವೇ ಕೊಯ್ದು ತೆಗೆಯುವಾಗ ಅವರಿಗೆ ಬೇಸರವಾಗಬಹುದೆಂದು ನಾನು ಸಂಕೋಚಪಟ್ಟೆ. ‘ಮದ್ದು ಒಳ್ಳೆಯದಿತ್ತು ಸಾರ್. ಆದರೆ ರೋಗವನ್ನು ದುಡ್ಡು ಕೊಟ್ಟು ತಂದಿದ್ದಿರಿ’ ಎಂದು ನಕ್ಕರು.

ಕಳೆದ ಭಾನುವಾರ ಭದ್ರಾವತಿಯಿಂದ ಹೊರಟೆವು. ಕಾರು ತನ್ನ ಪಾಡಿಗೆ ತಾನು ಮೆಲ್ಲಗೆ ಸಾಗುತ್ತಿತ್ತು. ಸ್ವಲ್ಪ ದೂರದವರೆಗೆ ತಂದೆಯವರು ಏನೂ ಮಾತನಾಡಲಿಲ್ಲ. ಮೂರು-ನಾಲ್ಕು ತಿಂಗಳ ಅಭ್ಯಾಸ, ತಟ್ಟನೆ ಬಿಡುವಂಥದಲ್ಲ. ಆಮೇಲೆ ವಿರಾಟನಗರಿಯ ಉತ್ತರಕುಮಾರನ ಪ್ರಸಂಗ ಎಲ್ಲಿಂದಲೋ ಬಂದಿತು. ಪದ್ಯ ಹೇಳಿದರು, ಅರ್ಥ ಹೇಳಿದರು, ಮತ್ತೆ ಪದ್ಯಕ್ಕೆ ಹೋದರು. ಮಾಚೇನಹಳ್ಳಿಯ ಬಳಿ ಉತ್ತರ ರಥದಿಂದ ಧುಮುಕುವ ಘಳಿಗೆಯಲ್ಲಿ ಅವರ ಮಾತು ಹಠಾತ್ತನೆ ನಿಂತಿತು. ನಾನು ಗಾಬರಿಯಿಂದ ಕನ್ನಡಿಯಲ್ಲಿ ನೋಡಿದೆ. ಅವರು ನನ್ನ ಕಡೆಯೇ ನೋಡುತ್ತಿದ್ದರು.

‘ಕಾರು ಸುಮ್ಮನಾಯಿತು, ಸರಿ. ಹೂಂ ಅನ್ನುವವರು ಯಾರೋ?’ ಎಂದರು.

‘ಹೂಂ’ ಎಂದೆ. ಕಥೆ ಮುಂದುವರಿಯಿತು.